ನಕ್ಷೆಯಿಂದ ಬಾವಿ ಅಳಿಸಿದವರು

ಮೇಘನಾ, ನಿನಗೆ ನಮ್ಮ ನಕ್ಷೆ ಕೋಣೆಯಲ್ಲೇ ಕೆಲಸ ಸಿಕ್ಕಿದೆ ಎಂದು ನಿನ್ನ ಅಮ್ಮ ಸೊಸೈಟಿಯ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಮಾರನೆಯ ವಾರ ನೀನೇ ಮನೆಗೆ ಬಂದು, "ಆಂಟಿ, ಹಳೇ ಪೆಂಡಿಂಗ್ ಫೈಲೆಲ್ಲಾ ಕ್ಲೋಸ್ ಮಾಡು ಅಂತ ಹೇಳಿದಾರೆ. ಒಂದರಲ್ಲಿ ನಿಮ್ಮ ಸೈನ್ ಇದೆ. ಬಾವೀದೇನೋ ಬರೆದಿದೀರಾ. ವೋ ಕ್ಯಾ ಹೈ?" ಎಂದು ಕೇಳಿದೆಯಲ್ಲ, ಆಗ ಸಂತೋಷ ಅರ್ಧಕ್ಕರ್ಧ ಇಳಿಯಿತು. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹೇಳುವ ವಿಷಯ ಅದಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಕನ್ನಡ ಓದುವುದು ನಿನಗೆ ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದು. ಆ ಕೋಣೆಯಲ್ಲಿ ಆದ ಅನಾಹುತಗಳೆಲ್ಲ ಅವಸರದವರಿಂದಲೇ ಆದದ್ದು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ನೀನು ಆ ಫೈಲು ಮುಚ್ಚಿದ ದಿನ ಗ್ರಾಮನಕ್ಷೆಗಳ ಮೂಲಪ್ರತಿಗಳೆಲ್ಲ ರದ್ದಿಗೆ ಹೋಗುತ್ತವೆ.

ನಾನು ಚಿತ್ರದುರ್ಗದವಳು. ಭೂಗೋಳದಲ್ಲಿ ಎಂ.ಎ. ಮಾಡಿಕೊಂಡು, ಮದುವೆಯಾಗಿ ದೆಹಲಿಗೆ ಬಂದು, ಯಾವ ಕೆಲಸವಾದರೂ ಸರಿ ಎಂದು ಆ ದಾಖಲೆ ಕಚೇರಿಗೆ ಸೇರಿದೆ. ನಕ್ಷೆ ಕೋಣೆಗೆ ಹಾಕಿದರು. ಅದು ಶಿಕ್ಷೆಯ ಜಾಗ ಎಂದು ಆಮೇಲೆ ತಿಳಿಯಿತು. ಬಡ್ತಿಯ ವಿಷಯ ನಾನು ಬರೆಯುವುದಿಲ್ಲ; ಬೇಕಾದಾಗ ಅದು ಬರಲಿಲ್ಲ, ಬಂದಾಗ ನನಗೆ ಅದರ ಗೊಡವೆ ಇರಲಿಲ್ಲ. ಆ ಹೊತ್ತಿಗೆ ನಕ್ಷೆಗಳ ಹುಚ್ಚು ಹಿಡಿದಿತ್ತು.

ಆ ಹುಚ್ಚು ಹಿಡಿಸಿದ್ದು ಲಟ್ಠಾಗಳು. ದೆಹಲಿ, ಹರಿಯಾಣದ ಕಡೆ ಹಳ್ಳಿಯ ಹೊಲಗಳ ನಕ್ಷೆಯನ್ನು ದಪ್ಪ ಹತ್ತಿ ಬಟ್ಟೆಯ ಮೇಲೆ ಬರೆಯುತ್ತಿದ್ದರು. ಬಟ್ಟೆಯ ಹೆಸರೇ ನಕ್ಷೆಗೂ ಬಂತು. ಮೊದಲನೆಯ ಸಲ ಭೂತಗನ್ನಡಿ ಹಿಡಿದು ಒಂದು ಲಟ್ಠಾ ನೋಡಿದಾಗ, ಊರಾಚೆಯ ಒಂದು ಗೋರಿಯ ಸುತ್ತ ಯಾರೋ ಒಂದೊಂದೇ ಮರ ಬರೆದಿದ್ದರು. ಹೊಲದ ಅಳತೆಗೆ ಆ ಮರಗಳು ಬೇಕಿರಲಿಲ್ಲ. ಬಿಸಿಲಲ್ಲಿ ಅಳತೆಯ ಸರಪಳಿ ಎಳೆದು ದಣಿದವನು ಆ ನೆರಳಲ್ಲಿ ಕೂತಿದ್ದಿರಬೇಕು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅವನದೇ ಯೋಚನೆ. ಮುಖ ತಿಳಿಯದ, ಹೆಸರು ತಿಳಿಯದ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು ಎಂದರೆ ಸುಳ್ಳಲ್ಲ.

ನಕ್ಷೆ ನೋಡಲು ಬರುವವರ ಮೇಲೆ ಅಂಥ ಪ್ರೀತಿ ಹುಟ್ಟಿದ್ದು ಕಡಿಮೆ. ಹಳೆಯ ನಕ್ಷೆ ಬಿಚ್ಚಿದ ತಕ್ಷಣ ಮನುಷ್ಯ ಮಾಡುವ ಮೊದಲ ಕೆಲಸ ತನ್ನ ಮನೆ ಹುಡುಕುವುದು. ನೂರು ವರ್ಷದ ಹಿಂದಿನ ನಕ್ಷೆಯಲ್ಲಿ ಮಯೂರ್ ವಿಹಾರದ ಫ್ಲ್ಯಾಟು ಎಲ್ಲಿಂದ ಬರಬೇಕು? ಅಲ್ಲಿರುವುದು ಯಮುನೆಯ ಮರಳು, ಒಂದಿಷ್ಟು ಜೊಂಡು. ಅದನ್ನು ಹೇಳಿದರೆ ಪ್ರೊಫೆಸರುಗಳಿಗೂ ಬೇಸರ. "ನೋಡಿ, ಇಲ್ಲೇ ಎಲ್ಲೋ ಇರಬೇಕು" ಎಂದು ಬೆರಳು ಇಡುತ್ತಾರೆ. ಇಟ್ಟ ಬೆರಳನ್ನು ಎಳೆಯುತ್ತಾರೆ. ನ್ಯಾಯಾಧೀಶರೊಬ್ಬರು ಕಚೋರಿ ತಿಂದ ಬೆರಳು ಇಟ್ಟರು. ನಾನು "ಸಾಬ್, ಕೈ" ಎಂದೆ. ಅವರು ಕೈ ಎತ್ತಿ ನೋಡಿಕೊಂಡು, "ಕೈಗೇನಾಗಿದೆ?" ಎಂದರು.

ಇನ್ನು ಗುರ್ಗಾಂವಿನಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಮೇಲೆ ಬಂದ ಗಿರಾಕಿಗಳ ಕತೆ ಬೇರೆ. ಅಲ್ಲಿಯವರೆಗೆ ಸಂಶೋಧಕರು ಬಿಟ್ಟರೆ ಯಾರೂ ಹಾಯದ ಕೋಣೆಗೆ ಬಿಳಿ ಷರ್ಟು, ಬಿಳಿ ಷೂ ತೊಟ್ಟ ದಲ್ಲಾಳಿಗಳು ಬರತೊಡಗಿದರು. ಊರ ಕೆರೆಯನ್ನು ಅಲ್ಲಿ ಜೋಹಡ್ ಎನ್ನುತ್ತಾರೆ. ಒಬ್ಬ ದಲ್ಲಾಳಿ ತನ್ನ ಸೈಟು ಇರುವ ಜಾಗದಲ್ಲಿ ದೊಡ್ಡ ಜೋಹಡ್ ಕಂಡು ಬೆವರಿದ. ನಂತರ ಬಹಳ ವಿನಯದಿಂದ, "ದೀದಿ, ಇದನ್ನು ಸ್ವಲ್ಪ ಆ ಕಡೆ ಸರಿಸೋಕಾಗಲ್ವಾ?" ಎಂದು ಕೇಳಿದ. ಕುರ್ಚಿ ಸರಿಸಿ ಎಂದ ಹಾಗೆ! ಹೊರಗೆ ಹೋಗು ಎಂದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ; ಹೋಗುವಾಗ ತನ್ನ ಕಾರ್ಡು ಕೊಟ್ಟು, ಮಗನಿಗೆ ಫ್ಲ್ಯಾಟು ಬೇಕಾದರೆ ಹೇಳಿ ಎಂದ.

ಮೇಲಧಿಕಾರಿಗಳಲ್ಲಿ ಕೆಟ್ಟವರಿಗಿಂತ ಒಳ್ಳೆಯವರಿಂದಲೇ ನನಗೆ ಹೆಚ್ಚು ತೊಂದರೆಯಾಯಿತು. ಒಬ್ಬರಂತೂ ಕರುಣಾಮಯಿ. ಜೂನ್ ತಿಂಗಳ ಧಗೆಯಲ್ಲಿ ನಾನು ಬೇಯುತ್ತಿದ್ದುದನ್ನು ಕಂಡು, ನಾನು ಕೇಳದಿದ್ದರೂ ನಕ್ಷೆ ಕೋಣೆಗೆ ಒಂದು ದೊಡ್ಡ ಕೂಲರು ಕಳಿಸಿದರು. ನೀರು ತುಂಬಿ ತೇವದ ಗಾಳಿ ಊದುವ ಕೂಲರು! ನಾನು ರಜೆಯಲ್ಲಿದ್ದ ವಾರ ಅದು ಬಂತು. ಬಂದು ನೋಡಿದರೆ ಕಾಗದದ ನಕ್ಷೆಗಳು ಹಪ್ಪಳದ ಹಾಗೆ ಉಬ್ಬಿದ್ದವು, ಕೋಣೆಯಲ್ಲಿ ಬೂಷ್ಟಿನ ವಾಸನೆ. ಕೂಲರು ವಾಪಸು ಕಳಿಸಿದ್ದಕ್ಕೆ ಅವರಿಗೆ ಬಹಳ ನೋವಾಯಿತಂತೆ. ಆಮೇಲೆ ನಾನು ಅಷ್ಟೂ ಬೇಸಿಗೆಗಳನ್ನು ಒದ್ದೆ ಕರವಸ್ತ್ರ ಕತ್ತಿಗೆ ಸುತ್ತಿಕೊಂಡು ಕಳೆದೆ. ನಿನಗೂ ಯಾರಾದರೂ ಕೂಲರು ಕೊಡಲು ಬಂದರೆ ಓಡಿಸು.

ಗೋಪ್ಯತೆಯ ನಿಯಮಗಳನ್ನು ನೆನೆದರೆ ಇಂದಿಗೂ ತಲೆ ಚಿಟ್ಟು ಹಿಡಿಯುತ್ತದೆ. ಕೆಲವು ನಕ್ಷೆಗಳ ಮೇಲೆ ಯಾರೋ ಯಾವ ಕಾಲದಲ್ಲೋ 'ನಿರ್ಬಂಧಿತ' ಎಂದು ಮುದ್ರೆ ಒತ್ತಿದ್ದರು. ಅವುಗಳಲ್ಲಿದ್ದ ಕಾಲುವೆ ಬತ್ತಿ ಹೋಗಿತ್ತು, ಸೇತುವೆ ಬಿದ್ದು ಹೋಗಿತ್ತು, ಮುದ್ರೆ ಮಾತ್ರ ಗಟ್ಟಿಯಾಗಿತ್ತು. ನೋಡಬೇಕೆಂದರೆ ಮೂವರು ಅಧಿಕಾರಿಗಳ ರುಜು ಬೇಕು. ಅದೇ ಹೊತ್ತಿಗೆ ಸೈಬರ್ ಕೆಫೆಗಳಲ್ಲಿ ಶಾಲೆಯ ಮಕ್ಕಳು ಉಪಗ್ರಹದ ಚಿತ್ರ ತೆಗೆದು ತಮ್ಮ ಮನೆಯ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ನೋಡುತ್ತಿದ್ದರು. ನಿಯಮ ಸಡಿಲಿಸಿ ಎಂದು ನಾನು ಬರೆದೆ. ಆ ಪತ್ರದ ಮೇಲೂ 'ನಿರ್ಬಂಧಿತ' ಎಂದು ಮುದ್ರೆ ಒತ್ತಿ ವಾಪಸು ಕಳಿಸಿದರು.

ಇಷ್ಟು ಹೇಳಿದ್ದು ನಿನ್ನನ್ನು ಹೆದರಿಸಲಿಕ್ಕಲ್ಲ. ಇವೆಲ್ಲ ದಿನನಿತ್ಯದ ಗೋಳು, ಸಹಿಸಬಹುದು. ಬಾವಿಗಳ ವಿಷಯ ಹಾಗಲ್ಲ.

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗ ಹೊಸ ನಿರ್ದೇಶಕರು ಬಂದರು. ಚುರುಕಿನವರು. ಬಂದ ಕೂಡಲೇ ಗ್ರಾಮನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿಸುವುದೆಂದು ತೀರ್ಮಾನಿಸಿದರು. ನಾನು ಖುಷಿಪಟ್ಟೆ, ಇನ್ನು ಕಚೋರಿಯ ಬೆರಳುಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಆಡಲಿ ಎಂದುಕೊಂಡೆ. ಆದೇಶದ ಎರಡನೆಯ ಪುಟ ಓದಿದಾಗ ಗೊತ್ತಾಯಿತು, ಸ್ಕ್ಯಾನ್ ಆದ ಮೇಲೆ ಮೂಲ ಲಟ್ಠಾಗಳನ್ನು ವಿಲೇವಾರಿ ಮಾಡಿ ಆ ಕೋಣೆಯನ್ನು ಸಭಾಂಗಣ ಮಾಡುವುದು. ವಿಲೇವಾರಿಗೆ ಮೊದಲು ನಕ್ಷೆ ಕೋಣೆಯ ಮುಖ್ಯಸ್ಥರು, ಅಂದರೆ ನಾನು, 'ಪ್ರತಿಗಳು ಮೂಲಕ್ಕೆ ಸರಿಯಾಗಿವೆ' ಎಂದು ರುಜು ಹಾಕಬೇಕು.

ಗುತ್ತಿಗೆ ಹಿಡಿದ ಗುರ್ಗಾಂವಿನ ಕಂಪನಿಯಿಂದ ಬಂದವನು ನವೀದ್ ಎಂಬ ಹುಡುಗ. ಮೊದಲ ದಿನ ಇಂಗ್ಲಿಷಿನಲ್ಲಿ ಗಂಭೀರವಾಗಿ ಮಾತಾಡುತ್ತಿದ್ದವನು, ನಾನು ಫೋನಿನಲ್ಲಿ ಮನೆಯವರನ್ನು ಗದರುವುದನ್ನು ಕೇಳಿ ಎದ್ದು ನಿಂತ.

"ಮೇಡಮ್, ನೀವು ಕನ್ನಡದೋರಾ? ನಮ್ದು ದಾವಣಗೆರೆ!"

ಆಮೇಲೆ ಕೇಳಬೇಕೆ? ಊರಿಗೆ ಹೋಗಿ ಬಂದಾಗ ನನಗೆಂದು ನರ್ಗೀಸ್ ಮಂಡಕ್ಕಿ ತಂದ. ವರಾಂಡದಲ್ಲಿ ನಿಂತು ತಿಂದೆವು, ಕೋಣೆಯೊಳಗೆ ಬಿಡಲಿಲ್ಲ. ಅವನಿಗೆ ಆಗಷ್ಟೇ ಮದುವೆಯಾಗಿತ್ತು, ತಾಯಿಯನ್ನೂ ಕರೆಸಿಕೊಳ್ಳುವ ಯೋಚನೆಯಲ್ಲಿದ್ದ. ಈ ಕೆಲಸ ಚೆನ್ನಾಗಿ ಆದರೆ ಕಂಪನಿ ಖಾಯಂ ಮಾಡುತ್ತದೆ ಎಂದಿದ್ದ. ಒಳ್ಳೆಯ ಹುಡುಗ. ಅದೇ ಮುಂದೆ ನನಗೆ ಸಂಕಟಕ್ಕೆ ಬಂತು.

ವರ್ಷ ಕಳೆಯುವಷ್ಟರಲ್ಲಿ ಪ್ರತಿಗಳು ಬಂದವು. ಪರದೆಯ ಮೇಲೆ ನೋಡಿದರೆ ಕಣ್ಣು ತಂಪಾಗಬೇಕು, ಅಷ್ಟು ಸ್ವಚ್ಛ. ಲಟ್ಠಾಗಳ ಅರಿಸಿನ ಬಣ್ಣದ ಕಲೆಯಿಲ್ಲ, ಜಿರಳೆಯ ಗುರುತಿಲ್ಲ. ನಿರ್ದೇಶಕರು, "ವಾಹ್, ಹೊಸದರ ಹಾಗಿದೆ!" ಎಂದರು. ನನಗೆ ಅಲ್ಲೇ ಅನುಮಾನ ಬಂತು. ಹಳೆಯ ನಕ್ಷೆ ಹೊಸದರ ಹಾಗೆ ಯಾಕಿರಬೇಕು?

ಒಂದು ಹಳ್ಳಿಯ ನಕ್ಷೆ ತೆಗೆದು ನಿಧಾನವಾಗಿ ನೋಡಿದೆ. ಊರಿನಿಂದ ಒಂದು ಕಾಲುದಾರಿ, ಹೊಲಗಳ ಕಡೆಯಿಂದ ಒಂದೆರಡು, ಗೋರಿಯ ಕಡೆಯಿಂದ ಇನ್ನೊಂದು, ಎಲ್ಲ ಬಂದು ಬಯಲಿನಲ್ಲಿ ಒಂದೇ ಕಡೆ ಸೇರಿದ್ದವು. ಸೇರಿದ ಜಾಗದಲ್ಲಿ ಏನೂ ಇರಲಿಲ್ಲ. ಇಡೀ ಊರಿನ ಜನ ದಿನಬೆಳಗಾದರೆ ಬರಿಯ ಬಯಲಿಗೆ ಯಾಕೆ ನಡೆದು ಹೋಗುತ್ತಾರೆ? ಮೂಲ ಲಟ್ಠಾ ಬಿಚ್ಚಿದೆ. ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಶಾಯಿಯ ಸುತ್ತು ಇತ್ತು. ಬಾವಿ. ಇನ್ನೊಂದು ಹಳ್ಳಿ ತೆಗೆದೆ, ಮತ್ತೊಂದು ತೆಗೆದೆ. ಒಂದರಲ್ಲೂ ಬಾವಿಯಿಲ್ಲ.

ನವೀದನನ್ನು ಕರೆಸಿ, ದಾರಿಗಳು ಸೇರುವ ಕಡೆ ಬಾವಿ ಇರುತ್ತದಲ್ಲ, ಅದೆಲ್ಲಿ ಹೋಯಿತು ಎಂದು ಕೇಳಿದೆ.

"ಅಯ್ಯೋ ಅದಾ ಮೇಡಮ್, ಡಸ್ಟ್ ಕ್ಲೀನಿಂಗ್ ಅಂತ ಒಂದು ಸ್ಟೆಪ್ ಇರುತ್ತೆ. ನೊಣದ ಕಲೆ, ಚುಕ್ಕಿ ಗಿಕ್ಕಿ ಎಲ್ಲ ಸಾಫ್ಟ್‌ವೇರೇ ತೆಗೆಯುತ್ತೆ. ಆಟೊಮ್ಯಾಟಿಕ್."

"ನೊಣದ ಕಲೆ ಯಾವುದು, ಬಾವಿ ಯಾವುದು ಅಂತ ಅದಕ್ಕೆ ಹೇಗಪ್ಪಾ ಗೊತ್ತಾಗುತ್ತೆ?"

ಅವನು ಪರದೆಯ ಹತ್ತಿರ ಬಗ್ಗಿ ನಕ್ಷೆ ನೋಡತೊಡಗಿದ.

"ತೊಳೆಯೋಕೆ ಮೊದಲಿನ ಸ್ಕ್ಯಾನ್ ಇರಬೇಕಲ್ಲ, ಅದನ್ನ ಕೊಡು."

"ಅದು... ಡಿಸ್ಕಲ್ಲಿ ಜಾಗ ಸಾಲ್ತಿರ್ಲಿಲ್ಲ ಮೇಡಮ್. ಅದರ ಮೇಲೇ ಸೇವ್ ಮಾಡಿದ್ವಿ."

ನಾನು ಹಣೆ ಚಚ್ಚಿಕೊಂಡೆ. ಒಂದು ಜಿಲ್ಲೆಯ ಬಾವಿಗಳನ್ನೆಲ್ಲ ನೊಣದ ಕಲೆ ಎಂದು ಒರೆಸಿ ಹಾಕಿದ್ದರು. ಅವನ ತಂಡದವರು ಯಾರೂ ಬಾವಿಯಿಂದ ನೀರು ಸೇದಿದವರಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಈ ದಾವಣಗೆರೆಯವನು ಸೇದಿದ್ದ, ನನಗೇ ಹೇಳಿದ್ದ!

"ಟೆನ್ಷನ್ ತಗೋಬೇಡಿ ಮೇಡಮ್, ಸರಿ ಮಾಡ್ಕೊಂಡು ಬರ್ತೀನಿ" ಎಂದು ಹೋದ. ನಾನು ಮತ್ತೆ ಸ್ಕ್ಯಾನ್ ಮಾಡುತ್ತಾನೆ ಎಂದುಕೊಂಡೆ. ಮೂಲಗಳನ್ನು ಕೇಳಲು ಯಾರೂ ಬರಲಿಲ್ಲ. ಅವು ವಿಲೇವಾರಿಗೆಂದು ಕಟ್ಟಿಟ್ಟ ಹಾಗೆಯೇ ನಕ್ಷೆ ಕೋಣೆಯಲ್ಲಿದ್ದವು. ಆದರೂ ಒಂದು ತಿಂಗಳಿಗೆ ಅವನು ನಗುತ್ತ ಬಂದ. ನಕ್ಷೆಗಳಲ್ಲಿ ಬಾವಿಗಳು ಬಂದಿದ್ದವು. ಅಚ್ಚುಕಟ್ಟಾದ ನೀಲಿ ವೃತ್ತಗಳು, ಎಲ್ಲ ಒಂದೇ ಗಾತ್ರ.

"ಎಲ್ಲಿಂದ ತಂದೆ ಇವನ್ನ?"

"ಲಾಜಿಕ್ ಮೇಡಮ್. ದಾರಿಗಳು ಸೇರೋ ಕಡೆ ಬಾವಿ ಇರುತ್ತೆ ಅಂತ ನೀವೇ ಹೇಳಿದ್ರಲ್ಲ. ಸಾಫ್ಟ್‌ವೇರಿಗೆ ಅದೇ ರೂಲ್ ಕೊಟ್ವಿ."

ಮೇಘನಾ, ಆ ಕ್ಷಣದಲ್ಲಿ ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ದಾರಿಗಳು ಬಾವಿಗಷ್ಟೇ ಹೋಗುವುದಿಲ್ಲ. ಸಂತೆಗೆ ಹೋಗುತ್ತವೆ, ಸ್ಮಶಾನಕ್ಕೆ ಹೋಗುತ್ತವೆ. ಅವನ ನಕ್ಷೆಯಲ್ಲಿ ಸ್ಮಶಾನದ ನಟ್ಟನಡುವೆ ಬಾವಿ ಬಂದಿತ್ತು. ಹೊಲದ ಮೂಲೆಯಲ್ಲಿ ಒಬ್ಬ ರೈತ ತನಗಾಗಿ ತೋಡಿಕೊಂಡಿದ್ದ, ಯಾವ ದಾರಿಯೂ ಸೇರದ ಒಂಟಿ ಬಾವಿಗಳು ಮಾತ್ರ ಬರಲೇ ಇಲ್ಲ. ಮೊದಲು ಬಾವಿ ಕಾಣೆಯಾಗಿತ್ತು, ಅಷ್ಟೇ. ಈಗ ನಕ್ಷೆಯೇ ಸುಳ್ಳು ಹೇಳುತ್ತಿತ್ತು. ಅಳಿಸಿದವನನ್ನಾದರೂ ಕ್ಷಮಿಸಬಹುದು, ಊಹಿಸಿ ಬರೆದವನನ್ನು ಹೇಗೆ ಕ್ಷಮಿಸುವುದು?

ನಿರ್ದೇಶಕರ ಹತ್ತಿರ ಹೋದೆ. ಅವರು ಸಾವಧಾನವಾಗಿಯೇ ಕೇಳಿದರು.

"ಮೇಡಮ್‌ಜೀ, ಈಗ ಆ ಬಾವಿಗಳು ಎಲ್ಲಿವೆ?"

"ಮುಚ್ಚಿ ಹೋಗಿವೆ ಸರ್."

"ಅಚ್ಛಾ. ಹಾಗಾದರೆ ಇಲ್ಲದ ಬಾವಿ ನಕ್ಷೆಯಲ್ಲಿ ಒಂದು ಅಂಗುಲ ಆಚೆ ಇದ್ದರೆ ಯಾರಿಗೆ ಏನಾಗಬೇಕು?"

ಮುಚ್ಚಿದ ಬಾವಿಯ ಮೇಲೆ ತಳಪಾಯ ಹಾಕಿದರೆ ಕುಸಿಯುತ್ತದೆ ಎಂದೆ. ಅದನ್ನು ನೋಡಿಕೊಳ್ಳಲು ಎಂಜಿನಿಯರುಗಳಿದ್ದಾರೆ ಎಂದರು. ನೀರು ಎಲ್ಲಿತ್ತು ಎಂದು ತಿಳಿಯುವುದು ನಾಳೆ ಬೇಕಾಗಬಹುದು ಎಂದೆ. ನಾಳೆಯದು ನಾಳೆ ಎಂದರು. ಮಂತ್ರಿಗಳು ಬಂದು ಉದ್ಘಾಟನೆ ಮಾಡುವ ದಿನ ಗೊತ್ತಾಗಿದೆ, ರುಜು ಬೇಗ ಹಾಕಿ, ಚಲೋ, ಎಂದು ಎದ್ದರು. ಅವರು ಮೂರ್ಖರಲ್ಲ. ನಕ್ಷೆ ಅವರ ಕಣ್ಣಿಗೆ ಒಂದು ಚಿತ್ರ, ಅಷ್ಟೇ. ಒಬ್ಬ ಮನುಷ್ಯ ಆ ಜಾಗದಲ್ಲಿ ನಿಂತು, ಕಣ್ಣಾರೆ ನೋಡಿ, ಇಲ್ಲಿ ಇದು ಇದೆ ಎಂದು ಸಾಕ್ಷಿ ಹೇಳಿದ್ದು ಎಂದು ಅವರಿಗೆ ಅನ್ನಿಸಲಿಲ್ಲ. ಅನ್ನಿಸುವ ಹಾಗೆ ಹೇಳಲು ನನಗೂ ಬರಲಿಲ್ಲ, ನನಗೆ ಬರುವುದು ಸಿಟ್ಟು.

ರುಜು ಹಾಕುವುದಿಲ್ಲ ಎಂದು ಬರೆದು ಕೊಡಲು ಕೂತೆ. ಆಗ ನವೀದ್ ಬಂದ. ಆವರೆಗೆ ಅವನು ಪರದೆಯನ್ನಷ್ಟೇ ನೋಡಿದ್ದ, ಲಟ್ಠಾಗಳನ್ನು ಮುಟ್ಟುವುದು ಅವನ ತಂಡದ ಕೆಲಸವಾಗಿತ್ತು. ನಾನು ಒಂದು ಮೂಲವನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಅವನ ಪ್ರತಿ ಇಟ್ಟು, ಭೂತಗನ್ನಡಿ ಕೈಗೆ ಕೊಟ್ಟೆ. ಬಹಳ ಹೊತ್ತು ಬಗ್ಗಿ ನೋಡಿದ. ತಲೆ ಎತ್ತಿದಾಗ ಮುಖ ಸಣ್ಣದಾಗಿತ್ತು.

"ಮೇಡಮ್, ನೀವು ಹೇಳಿದ್ದು ಸರಿ ಇದೆ. ಆದ್ರೆ ನೀವು ರಿಜೆಕ್ಟ್ ಅಂತ ಬರೆದ್ರೆ ಕಂಪನಿಯವ್ರು ನನ್ನ ತೆಗೆದೇ ತೆಗೀತಾರೆ. ಅಮ್ಮನ್ನ ಮೊನ್ನೆ ತಾನೇ ಕರ್ಕೊಂಡು ಬಂದಿದೀನಿ. ಏನ್ ಮಾಡ್ಲಿ, ನೀವೇ ಹೇಳಿ."

ನಾನು ಏನು ಹೇಳಲಿ? ಒಪ್ಪಿದರೆ ನಕ್ಷೆಗಳು ರದ್ದಿಗೆ, ಒಪ್ಪದಿದ್ದರೆ ಈ ಹುಡುಗ ಬೀದಿಗೆ. ಅವನು ಮಂಡಕ್ಕಿ ತರದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು ಎಂದು ಸಿಟ್ಟು ಬಂತು. ಮನೆಗೆ ಹೋಗು ಎಂದು ಗದರಿ ಕಳಿಸಿದೆ. ಆ ವಾರವಿಡೀ ಮನೆಯಲ್ಲಿ ಯಾರೂ ನನ್ನ ತಂಟೆಗೆ ಬರಲಿಲ್ಲ.

ಕೊನೆಗೆ ನನ್ನನ್ನು ಕಾಪಾಡಿದ್ದು ನಾನು ಜೀವಮಾನವೆಲ್ಲ ಶಪಿಸಿದ ಸರಕಾರಿ ಕಚೇರಿಯ ಪದ್ಧತಿ. ಒಪ್ಪಿಗೆಯಾದ ಕೆಲಸ ಮುಗಿಯುತ್ತದೆ, ತಿರಸ್ಕಾರವಾದದ್ದೂ ಮುಗಿಯುತ್ತದೆ. 'ಪರಿಶೀಲನೆಯಲ್ಲಿದೆ' ಎಂದು ಬರೆದದ್ದು ಮಾತ್ರ ಎಂದೂ ಮುಗಿಯುವುದಿಲ್ಲ. ನಾನು ಫೈಲಿನಲ್ಲಿ ಹೀಗೆ ಷರಾ ಬರೆದೆ: ಪ್ರತಿಗಳನ್ನು ಸ್ವೀಕರಿಸಲಾಗಿದೆ; ಬಾವಿಗಳ ಸ್ಥಾನವನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಬೇಕಾಗಿದೆ; ಹೋಲಿಕೆ ಮುಗಿಯುವವರೆಗೆ ಮೂಲಗಳನ್ನು ಕದಲಿಸಬಾರದು. ಕೆಳಗೆ ರುಜು ಹಾಕಿದೆ. 'ಸ್ವೀಕರಿಸಲಾಗಿದೆ' ಎಂಬ ಒಂದು ಮಾತು ಸಿಕ್ಕಿದ್ದರಿಂದ ಕಂಪನಿಯವರು ಸುಮ್ಮನಾದರು, ನವೀದ್ ಉಳಿದುಕೊಂಡ. ಉದ್ಘಾಟನೆಯೂ ಆಯಿತು. ಮಂತ್ರಿಗಳು ಪರದೆಯ ಮೇಲೆ ತಮ್ಮ ಬಂಗಲೆ ಎಲ್ಲಿದೆ ಎಂದು ಕೇಳಿದರಂತೆ.

ನಿರ್ದೇಶಕರು ಷರಾ ಓದಿ ನನ್ನನ್ನು ಕರೆಸಿದರು. "ಇದನ್ನು ಹೊಡೆದು ಹಾಕಿ" ಎಂದರು. ಹೊಡೆದು ಹಾಕಬೇಕಾದರೆ ಕಾರಣ ಬರೆದು ತಾವು ರುಜು ಹಾಕಬೇಕಾಗುತ್ತದೆ ಸರ್, ನಾಳೆ ಆಡಿಟ್ಟಿನವರು ಕೇಳಬಹುದು ಎಂದೆ. ಅವರು ಪೆನ್ನು ತೆಗೆದರು, ಯೋಚಿಸಿದರು, ಪೆನ್ನನ್ನು ಜೇಬಿಗೆ ಹಾಕಿಕೊಂಡರು. ನನ್ನ ಬೀಳ್ಕೊಡುಗೆಗೆ ಅವರು ಬರಲಿಲ್ಲ. ಸಮೋಸಾ ತಣ್ಣಗಿತ್ತು. ಸಭಾಂಗಣವನ್ನು ಅಡ್ಡಗಾಲು ಹಾಕಿ ತಪ್ಪಿಸಿದ ಹೆಂಗಸು ಎಂದು ಅಲ್ಲಿ ಈಗಲೂ ನನ್ನ ಹೆಸರು ಹೇಳುತ್ತಾರಂತೆ. ಹೇಳಿಕೊಳ್ಳಲಿ.

ಇದಿಷ್ಟು ಆ ಫೈಲಿನ ಕತೆ. ಇನ್ನು ನಿನಗೆ ಹೇಳಬೇಕಾದದ್ದು ಉಳಿದಿದೆ.

ನಾನು ಆ ಷರಾ ಬರೆದಾಗ ಯಾರಾದರೂ ಬಂದು ಹೋಲಿಸಿ ನೋಡುತ್ತಾರೆ ಎಂದು ನಂಬಿ ಬರೆಯಲಿಲ್ಲ. ಯಾರೂ ನೋಡುವುದಿಲ್ಲ ಎಂಬ ಭರವಸೆಯಿಂದಲೇ ಬರೆದೆ. ನನ್ನ ಜಾಗಕ್ಕೆ ಬಂದವರು ಆ ಫೈಲನ್ನು ಮುಟ್ಟಲಿಲ್ಲ, ಅವರ ನಂತರದವರೂ ಮುಟ್ಟಲಿಲ್ಲ. ನಮ್ಮ ಕಚೇರಿಯ ಸೋಮಾರಿತನದ ಮೇಲೆ ಭಾರ ಹಾಕಿ ಬಂದೆ, ಅದು ನನ್ನ ಕೈಬಿಡಲಿಲ್ಲ. ಈಗ ನೀನು ಬಂದಿದ್ದೀಯ. ಚುರುಕಾದ ಹುಡುಗಿ, ಹೇಳಿದ ಕೆಲಸ ಅಂದೇ ಮುಗಿಸುವವಳು. ನಿನ್ನ ಅಮ್ಮ ಅದನ್ನೇ ಹೆಮ್ಮೆಯಿಂದ ಹೇಳಿದರು. ಅದನ್ನು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಮುಚ್ಚಬೇಡ ಎನ್ನಲು ನಾನು ಈಗ ಅಲ್ಲಿ ಯಾರೂ ಅಲ್ಲ. ನೀನು ಕೆಲಸಕ್ಕೆ ಸೇರಿದ ಹೊಸತು, ಮೇಲಿನವರ ಮಾತು ಮೀರು ಎಂದು ಹೇಳುವುದೂ ಸರಿಯಲ್ಲ. ಒಂದು ವಿಷಯ ಮಾತ್ರ ಕೇಳಿಕೊಳ್ಳುತ್ತೇನೆ. ಸಾಧ್ಯವಾದರೆ ಕಟ್ಟು ಬಿಚ್ಚಿ, ಲಟ್ಠಾ ಹಾಸಿ, ಬಾವಿ ಬಾವಿಯನ್ನೂ ನಿನ್ನ ಕಣ್ಣಿನಿಂದ ನೋಡು. ಅದು ಮುಗಿಯುವ ಹೊತ್ತಿಗೆ ನೀನೂ ನನ್ನ ವಯಸ್ಸಿಗೆ ಬಂದಿರುತ್ತೀಯ, ಆಮೇಲೆ ಮೂಲಗಳನ್ನು ರದ್ದಿಗೆ ಹಾಕಲು ನಿನಗೇ ಮನಸ್ಸು ಬರುವುದಿಲ್ಲ. ಅಷ್ಟು ವ್ಯವಧಾನ ಇಲ್ಲವೆಂದರೆ ಉಳಿದವರ ಹಾಗೆ ಆ ಫೈಲಿನ ಮೇಲೆ ಇನ್ನೊಂದು ಫೈಲು ಇಟ್ಟು ಊಟಕ್ಕೆ ಹೋಗು. ಎರಡರಲ್ಲಿ ಯಾವುದಾದರೂ ಸರಿ. ನೋಡದೆ 'ನೋಡಲಾಗಿದೆ' ಎಂದು ಮಾತ್ರ ಬರೆಯಬೇಡ.